ಮೊಣಕೈಯ ಮೊನೆ

ವಾಚಕರು ತಮ್ಮ ಬಲಗೈಯನ್ನು ಅರ್ಧ ಮಡಚಿ, ಎಡ ಅಂಗೈಯಿಂದ ಮೊಣಕೈಯನ್ನು ಹಿಂದಿನಿಂದ ಹಿಡಿದು ನೋಡಬೇಕು. ಅಂಗೈಯ ಮಧ್ಯಕ್ಕೆ ಗಟ್ಟಿಯಾದ ಒಂದು ಮೊನೆ ತಾಗುತ್ತದೆ. ಅದರ ಮೇಲೆ ಮಾಂಸವಿಲ್ಲ, ಕೊಬ್ಬೂ ಇಲ್ಲವೆನ್ನುವಷ್ಟು ಕಡಿಮೆ. ಸಡಿಲವಾಗಿ ಸುಕ್ಕುಗಟ್ಟಿದ ಚರ್ಮವೇ ಅದರ ಹೊದಿಕೆ. ಮೇಜಿನ ಮೇಲೆ ಊರುವುದು ಇದನ್ನೇ. ಲೋಕಲ್ ಗಾಡಿಯಲ್ಲಿ ಪಕ್ಕದವರ ಪಕ್ಕೆಗೆ ತಿವಿಯುವುದೂ ಇದರಿಂದಲೇ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಒಲೆಕ್ರಾನನ್ ಎಂದು ಹೆಸರು. ಅದು ಗ್ರೀಕ್ ಭಾಷೆಯ ಮಾತು. ಬಿಡಿಸಿ ಹೇಳಿದರೆ 'ಮೊಣಕೈಯ ತಲೆ' ಎಂದಾಗುತ್ತದೆ. ನಾವು ಇಲ್ಲಿ ಮೊಣಕೈಯ ಮೊನೆ ಎಂದೇ ಕರೆಯುತ್ತೇವೆ.

ಹೃದಯ, ಮಿದುಳು, ಕಣ್ಣು ಇವುಗಳ ವಿಷಯವಾಗಿ ಪಾಠ ಬರೆಯುವವರು ಬಹಳ ಮಂದಿ ಇದ್ದಾರೆ. ಮೊಣಕೈಯ ಮೊನೆಯನ್ನು ಕೇಳುವವರಿಲ್ಲ. ಆದರೆ ಲೇಥಿನ ಮುಂದೆ ನಿಲ್ಲುವವರು, ಹೊಟೇಲಿನಲ್ಲಿ ತಟ್ಟೆ ಹೊರುವವರು, ಕಚೇರಿಯಲ್ಲಿ ದಿನವಿಡೀ ಮೇಜಿಗೆ ಕೈಯೂರಿ ಬರೆಯುವವರು ಅಥವಾ ಗಣಕದ ಗುಂಡಿ ಒತ್ತುವವರು, ಹೀಗೆ ಕೈಯನ್ನೇ ನಂಬಿ ಈ ಊರಿಗೆ ಬಂದ ನಮ್ಮ ಬಾಂಧವರಿಗೆ ಇದು ಸಣ್ಣ ವಿಷಯವಲ್ಲ. ಕೈ ಕಳೆದುಕೊಂಡ ಕಾರ್ಮಿಕನಿಗೆ ಎಷ್ಟು ಪರಿಹಾರ ಸಲ್ಲಬೇಕೆಂಬುದನ್ನು ನಮ್ಮ ದೇಶದ ಕಾಯಿದೆ ಈ ಮೊನೆಯಿಂದಲೇ ಅಳೆಯುತ್ತ ಬಂದಿದೆ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಆ ಸಂಗತಿಗೆ ಬರುವ ಮೊದಲು ಎಲುಬಿನ ಪರಿಚಯ ಆಗಬೇಕು.

ಮೊದಲು ಹೆಸರುಗಳ ಮಾತು. ಕನ್ನಡದಲ್ಲಿ ಮೊಣಕೈ ಎನ್ನುತ್ತೇವೆ. ಮೊಳಕೈ ಎನ್ನುವವರೂ ಇದ್ದಾರೆ. ಈ ಮೊನೆಯಿಂದ ನಡುಬೆರಳಿನ ತುದಿಯವರೆಗಿನ ಉದ್ದವೇ ಒಂದು ಮೊಳ. ಎರಡು ಗೇಣು ಸೇರಿದರೆ ಒಂದು ಮೊಳ, ಅಂದರೆ ಸುಮಾರು 18 ಇಂಚು. ಮಾಟುಂಗದ ಹೂವಿನ ಅಂಗಡಿಗಳಲ್ಲಿ ಮಲ್ಲಿಗೆಯ ಮಾಲೆಯನ್ನು ಮೊಳ ಹಾಕಿ ಅಳೆದು ಕೊಡುವ ವಾಡಿಕೆ ನಮ್ಮ ಗೃಹಿಣಿಯರಿಗೆಲ್ಲ ಗೊತ್ತು. ಗಿಡ್ಡ ಕೈಯವರ ಹತ್ತಿರ ಹೂ ಕೊಂಡರೆ ನಷ್ಟವೆಂದು ಅವರು ಗೊಣಗುವುದು ಶಾಸ್ತ್ರಸಮ್ಮತವಾದದ್ದೇ. ಇಂಥ ಅಳತೆ ನಮ್ಮಲ್ಲಿ ಮಾತ್ರವಿತ್ತೆಂದಲ್ಲ. ಲ್ಯಾಟಿನ್ ಭಾಷೆಯಲ್ಲಿ ಮೊಣಕೈಗಿರುವ ಮಾತೇ ಮೊಳದ ಅಳತೆಗೂ ಹೆಸರಾಯಿತು. ಇಂಗ್ಲಿಷಿನ ಎಲ್ಬೋ ಎಂಬ ಶಬ್ದದ ಮೊದಲ ಭಾಗವೂ ಒಂದು ಹಳೆಯ ಅಳತೆಯ ಹೆಸರೇ.

ಸಂಸ್ಕೃತದಲ್ಲಿ ಮೊಣಕೈಗೆ ಕೂರ್ಪರ ಎಂದು ಹೆಸರು. ಸುಶ್ರುತ ಸಂಹಿತೆಯಲ್ಲಿ ದೇಹದ 107 ಮರ್ಮಸ್ಥಾನಗಳನ್ನು ಎಣಿಸುವಾಗ ಕೂರ್ಪರವನ್ನೂ ಸೇರಿಸಲಾಗಿದೆ. ಅಲ್ಲಿ ಪೆಟ್ಟಾದರೆ ಪ್ರಾಣ ಹೋಗದು, ಆದರೆ ಕೈ ಊನವಾಗುತ್ತದೆ ಎಂಬುದು ಅಲ್ಲಿಯ ಅಭಿಪ್ರಾಯ. ಈ ಕೂರ್ಪರವೇ ಸವೆದು ಮರಾಠಿಯ ಕೋಪರ ಆಗಿದೆ. ಮುಂಬಯಿಯ ದವಾಖಾನೆಗಳಲ್ಲಿ ನರ್ಸಿನ ಮುಂದೆ ಮಾತಿಗೆ ತಡವರಿಸುವ ನಮ್ಮ ಹೊಸ ಬಾಂಧವರು ಕೋಪರ ಎಂದು ಕೈ ತೋರಿಸಿದರೆ ಸಾಕು, ಕೆಲಸವಾಗುತ್ತದೆ. (ಜುಹೂ ಕಡೆಯ ಕೂಪರ್ ಆಸ್ಪತ್ರೆಗೂ ಕೂರ್ಪರಕ್ಕೂ ಸಂಬಂಧವಿಲ್ಲ.) ಹುಸಿ ಆಸೆ ತೋರಿಸುವುದಕ್ಕೆ ಮರಾಠಿಯಲ್ಲಿ ಕೋಪರಕ್ಕೆ ಬೆಲ್ಲ ಹಚ್ಚುವುದು ಎನ್ನುತ್ತಾರೆ. ನಮ್ಮದೇ ಮೊಣಕೈಗೆ ಹಚ್ಚಿದ ಬೆಲ್ಲ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಪರಿಮಳವೂ ಬರುತ್ತದೆ, ನಾಲಿಗೆಗೆ ಮಾತ್ರ ಎಟುಕುವುದಿಲ್ಲ. ಹೆಗಲಿನಿಂದ ಮೊಣಕೈವರೆಗಿನ ಎಲುಬಿಗೆ ನಡುವೆ ಕೀಲಿಲ್ಲ. ಮೊನೆಯನ್ನು ಎತ್ತ ತಿರುಗಿಸಿದರೂ ಅದು ಹೆಗಲಿನಿಂದ ಅಷ್ಟೇ ದೂರದಲ್ಲಿ ಉಳಿಯುತ್ತದೆ.

ಹೆಗಲಿನಿಂದ ಮೊಣಕೈವರೆಗೆ ಇರುವುದು ಒಂದೇ ಎಲುಬು, ಅದು ಹ್ಯೂಮರಸ್. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಎಲುಬುಗಳಿವೆ. ಹೆಬ್ಬೆರಳಿನ ಕಡೆಗಿರುವುದು ರೇಡಿಯಸ್, ಕಿರುಬೆರಳಿನ ಕಡೆಗಿರುವುದು ಅಲ್ನಾ. ನಾವು ಹೇಳುತ್ತಿರುವ ಮೊನೆ ಬೇರೊಂದು ಎಲುಬಲ್ಲ, ಅಲ್ನಾದ ಮೇಲ್ತುದಿಯೇ. ಸಂಶಯವಿದ್ದವರು ಮೊನೆಯ ಮೇಲೆ ಬೆರಳಿಟ್ಟು ಹಾಗೆಯೇ ಕೆಳಕ್ಕೆ ಜಾರಿಸಲಿ. ಚರ್ಮದ ಕೆಳಗೆ ಒಂದು ದಿಂಡಿನಂಥ ಅಂಚು ಎಲ್ಲಿಯೂ ಕಡಿಯದೆ ಮಣಿಕಟ್ಟಿನ ಕಿರುಬೆರಳ ಬದಿಯ ಗುಬುಟಿನವರೆಗೆ ಹೋಗುತ್ತದೆ. ಅದೇ ಅಲ್ನಾ.

ಈ ಮೇಲ್ತುದಿಯನ್ನು ಪಕ್ಕದಿಂದ ನೋಡಿದರೆ ಬಾಯ್ದೆರೆದ ಸ್ಪ್ಯಾನರಿನಂತೆ ಕಾಣುತ್ತದೆ. ಇಲ್ಲಿಯ ವರ್ಕ್‌ಶಾಪುಗಳಲ್ಲಿ ಪಾನಾ ಎಂದರೆ ಇನ್ನೂ ಬೇಗ ತಿಳಿಯುತ್ತದೆ. ಪಾನಾದ ಹಿಂದಿನ ದೊಡ್ಡ ದವಡೆಯೇ ನಮ್ಮ ಮೊನೆ. ಮುಂದೆ ಸಣ್ಣದೊಂದು ದವಡೆಯಿದೆ. ಇವೆರಡರ ನಡುವಿನ ಅರ್ಧಚಂದ್ರಾಕಾರದ ಬಾಯಿಗೆ ನುಣುಪಾದ ಮೃದ್ವಸ್ಥಿಯ ಲೇಪವಿದೆ. ಹ್ಯೂಮರಸ್ಸಿನ ಕೆಳತುದಿಯು ಬಾವಿಯ ರಾಟೆಯಂತೆ ನಡುವೆ ತಗ್ಗಾಗಿ ಎರಡೂ ಬದಿಗೆ ಉಬ್ಬಿಕೊಂಡಿದೆ. ಪಾನಾದ ಬಾಯಿ ಈ ರಾಟೆಯನ್ನು ಕಚ್ಚಿಕೊಂಡು ಹಿಂದೆ ಮುಂದೆ ಜಾರುತ್ತದೆ. ಬಾಗಿಲಿನ ಕೀಲಿನಂತೆ ಒಂದೇ ಪಾತಳಿಯಲ್ಲಿ ಮಡಚುವುದು, ಬಿಡಿಸುವುದು: ಇಷ್ಟೇ ಅದರ ಕೆಲಸ. ಬೀಗದಲ್ಲಿ ಕೀಲಿಕೈ ತಿರುಗಿಸುವಾಗ ಮುಂಗೈ ಹೊರಳುವುದು ಮುಖ್ಯವಾಗಿ ರೇಡಿಯಸ್ ಎಲುಬಿನ ಸಾಮರ್ಥ್ಯದಿಂದ.

ಕೈಯನ್ನು ಪೂರ್ತಿ ಚಾಚಿದಾಗ ಮೊನೆಯ ತುದಿ ಎಲ್ಲಿಗೆ ಹೋಗುತ್ತದೆ? ಹ್ಯೂಮರಸ್ಸಿನ ಹಿಂಬದಿಯಲ್ಲಿ ಅದಕ್ಕಾಗಿಯೇ ಒಂದು ಗುಳಿಯಿದೆ. ತುದಿ ಅದರೊಳಗೆ ಹೋಗಿ ಕೂರುತ್ತದೆ. ಆಮೇಲೆ ಕೈ ಹಿಂದಕ್ಕೆ ಬಾಗದು. ಕದವು ಗೋಡೆಗೆ ಬಡಿಯದಂತೆ ನೆಲಕ್ಕೆ ಹೊಡೆದ ಗೂಟದಂತೆ ಇದರ ವ್ಯವಸ್ಥೆ. ಮುಂಬದಿಯಲ್ಲಿ ಸಣ್ಣ ದವಡೆಗೂ ಇಂಥದೇ ಒಂದು ಗುಳಿಯಿದೆ. ಎರಡು ಗುಳಿಗಳ ನಡುವೆ ಉಳಿಯುವ ಎಲುಬು ಎಷ್ಟು ತೆಳ್ಳಗೆಂದರೆ ದೀಪಕ್ಕೆ ಹಿಡಿದರೆ ಬೆಳಕು ಹಾಯುತ್ತದೆ. ಕೆಲವರಲ್ಲಿ ಅಲ್ಲೊಂದು ತೂತೇ ಇರುತ್ತದೆ, ಅದರಿಂದ ಬಾಧೆಯೇನೂ ಇಲ್ಲ. ಕೆಲವು ಹೆಂಗಸರ ಮತ್ತು ಮಕ್ಕಳ ಮೊಣಕೈ ನೇರವನ್ನು ದಾಟಿ ತುಸು ಹಿಂದಕ್ಕೆ ಬಾಗುವುದುಂಟು. ಅದೂ ರೋಗವಲ್ಲ.

ಇನ್ನು ಮೊನೆಯ ಮುಖ್ಯವಾದ ಕೆಲಸ. ತೋಳಿನ ಹಿಂಬದಿಯಲ್ಲಿ ಟ್ರೈಸೆಪ್ಸ್ ಎಂಬ ಮೂರು ತಲೆಯ ದೊಡ್ಡ ಸ್ನಾಯುವಿದೆ. ಅದರ ಮೂರೂ ಭಾಗಗಳು ಕೆಳಗೆ ಒಂದೇ ಹುರಿಯಾಗಿ ಸೇರಿ ಈ ಮೊನೆಗೆ ಬಿಗಿದುಕೊಂಡಿವೆ. ಸ್ನಾಯು ಕುಗ್ಗಿದಾಗ ಮೊನೆ ಮೇಲಕ್ಕೆ ಎಳೆಯಲ್ಪಡುತ್ತದೆ, ಮುಂಗೈ ಚಾಚುತ್ತದೆ. ಊರಲ್ಲಿ ಏತದಿಂದ ನೀರೆತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಆಧಾರದ ಕಂಬ, ಒಂದು ಕಡೆ ಗಿಡ್ಡ ತುದಿ, ಇನ್ನೊಂದು ಕಡೆ ಉದ್ದನೆಯ ತುದಿ. ಇಲ್ಲಿ ಕೀಲು ಕಂಬ, ಮೊನೆ ಗಿಡ್ಡ ತುದಿ, ಮುಂಗೈ ಮತ್ತು ಅಂಗೈ ಉದ್ದನೆಯ ತುದಿ. ಕೀಲಿನ ನಡುವಿನಿಂದ ಸ್ನಾಯುವಿನ ಎಳೆತದ ಗೆರೆಗೆ ಸುಮಾರು ಎರಡರಿಂದ ಎರಡೂವರೆ ಸೆಂಟಿಮೀಟರ್. ಕೀಲಿನಿಂದ ಅಂಗೈಯ ನಡುವಿಗೆ ಸುಮಾರು 35 ಸೆಂಟಿಮೀಟರ್. ಹೆಚ್ಚು ಕಡಿಮೆ ಹದಿನೈದು ಪಟ್ಟು ವ್ಯತ್ಯಾಸ. ಮೊಣಕೈ ಮಡಚಿ ಅಂಗೈಯಿಂದ 10 ಕಿಲೋ ಭಾರದಷ್ಟು ಬಲ ಹಾಕಿ ಮೇಜನ್ನು ಕೆಳಕ್ಕೆ ಒತ್ತಿದರೆ, ಟ್ರೈಸೆಪ್ಸ್ ಆ ಮೊನೆಯನ್ನು 150 ಕಿಲೋ ಭಾರದಷ್ಟು ಬಲದಿಂದ ಎಳೆಯಬೇಕಾಗುತ್ತದೆ. ಇದು ನಷ್ಟದ ವ್ಯಾಪಾರವೆಂದು ಅನ್ನಿಸಬಹುದು. ಆದರೆ ಸ್ನಾಯು ಒಂದು ಸೆಂಟಿಮೀಟರ್ ಕುಗ್ಗುವುದರೊಳಗೆ ಅಂಗೈ ಹದಿನೈದು ಸೆಂಟಿಮೀಟರ್ ಸರಿದಿರುತ್ತದೆ. ಬಲವನ್ನು ಕೊಟ್ಟು ವೇಗವನ್ನು ಕೊಂಡುಕೊಂಡದ್ದಾಯಿತು. ಕಲ್ಲೆಸೆಯುವುದು, ಸುತ್ತಿಗೆ ಬೀಸುವುದು, ಎಳೆದ ಗರಗಸವನ್ನು ತಳ್ಳುವುದು ಎಲ್ಲವೂ ಈ ವೇಗದ ಫಲ.

ಪ್ರಾಣಿಗಳಲ್ಲಿ ಈ ಲೆಕ್ಕ ಬೇರೆ ಬೇರೆಯಾಗಿದೆ. ನೆಲ ತೋಡಿ ಬದುಕುವ ನಮ್ಮ ಘಟ್ಟದ ಚಿಪ್ಪುಹಂದಿಯಂಥ ಪ್ರಾಣಿಗೆ ವೇಗಕ್ಕಿಂತ ಬಲ ಮುಖ್ಯ. ಆದ್ದರಿಂದ ಅದರ ಮೊನೆ ಮುಂಗಾಲಿನ ಉದ್ದಕ್ಕೆ ಹೋಲಿಸಿದರೆ ಬಹಳ ಉದ್ದ. ಓಡಿ ಬದುಕುವ ಪ್ರಾಣಿಗಳಲ್ಲಿ ಕಾಲು ಉದ್ದ, ಅದಕ್ಕೆ ಹೋಲಿಸಿದರೆ ಮೊನೆ ಗಿಡ್ಡ. ಹಸುವಿನ ಮುಂಗಾಲಿನಲ್ಲಿ ನಾವು ಮೊಣಕಾಲು ಎಂದು ತಿಳಿಯುವ ಗಂಟು ನಿಜವಾಗಿ ಅದರ ಮಣಿಕಟ್ಟು. ಮೊಣಕೈಯ ಮೊನೆಯನ್ನು ಹುಡುಕಬೇಕಾದದ್ದು ಇನ್ನೂ ಮೇಲೆ, ಎದೆಗೆ ಅಂಟಿದಂತಿರುವ ಜಾಗದಲ್ಲಿ.

ಮೊಣಕೈಯಲ್ಲಿ ಕೈಗೆ ಸಿಕ್ಕುವ ಎಲುಬಿನ ಗುಬುಟುಗಳು ಮೂರು. ನಡುವೆ ನಮ್ಮ ಮೊನೆ. ಒಳಬದಿಗೊಂದು, ಹೊರಬದಿಗೊಂದು ಹ್ಯೂಮರಸ್ಸಿನ ಉಬ್ಬು. ಕೈ ನೇರವಾಗಿದ್ದಾಗ ಈ ಮೂರೂ ಒಂದೇ ಗೆರೆಯಲ್ಲಿರುತ್ತವೆ. ಕಾಟಕೋನಕ್ಕೆ, ಅಂದರೆ 90 ಡಿಗ್ರಿಗೆ ಮಡಚಿದರೆ ಮೊನೆ ಕೆಳಗಿಳಿದು ಮೂರೂ ಸೇರಿ ತ್ರಿಕೋನವಾಗುತ್ತದೆ. ಬಿದ್ದು ಬಂದ ರೋಗಿಯ ಮೊಣಕೈಯನ್ನು ಡಾಕ್ಟರರು ಮೂರು ಬೆರಳಿಟ್ಟು ನೋಡುವುದು ಇದನ್ನೇ. ಕೀಲು ತಪ್ಪಿದ್ದರೆ ತ್ರಿಕೋನ ಕೆಟ್ಟಿರುತ್ತದೆ; ಕೀಲಿನ ಮೇಲ್ಗಡೆ ತೋಳಿನ ಎಲುಬು ಮುರಿದಿದ್ದರೆ ಊತವೆಷ್ಟಿದ್ದರೂ ತ್ರಿಕೋನ ಕೆಡುವುದಿಲ್ಲ. ಕ್ಷ-ಕಿರಣದ ಯಂತ್ರಕ್ಕೆ ಮೊದಲೇ ಮೂರು ಬೆರಳು ಇಷ್ಟು ಹೇಳಬಲ್ಲವು. ಅಂದಹಾಗೆ, ಸಚಿನ್ ತೆಂಡೂಲ್ಕರ್ ಅವರನ್ನು 2004ರಲ್ಲಿ ಕಾಡಿ, 2005ರಲ್ಲಿ ಲಂಡನ್ನಿನಲ್ಲಿ ಶಸ್ತ್ರಕ್ರಿಯೆಗೆ ಕಾರಣವಾದ ಟೆನಿಸ್ ಎಲ್ಬೋ ಈ ಮೊನೆಯದಲ್ಲ. ಹೊರಬದಿಯ ಉಬ್ಬಿಗೆ ಅಂಟಿದ ಸ್ನಾಯುವಿನ ಹುರಿಯದು. ಪ್ಲಂಬರ್, ಬಡಗಿ, ದೋಸೆಹಿಟ್ಟು ತಿರುವುವ ಅಡುಗೆಯವರು, ಇವರಿಗೆಲ್ಲ ಅದು ಟೆನಿಸ್ ಆಡದೆಯೇ ಬರುತ್ತದೆ.

ಒಳಬದಿಯ ಉಬ್ಬಿಗೂ ಮೊನೆಗೂ ನಡುವೆ ಒಂದು ಓಣಿಯಿದೆ. ಅದರೊಳಗಿಂದ ಅಲ್ನಾರ್ ಎಂಬ ನರ ಹಾದುಹೋಗುತ್ತದೆ. ಬಾಗಿಲ ಚೌಕಟ್ಟಿಗೆ ಮೊಣಕೈ ತಾಗಿದಾಗ ಕರೆಂಟ್ ಹೊಡೆದಂತೆ ಜುಮ್ಮೆಂದು ಕಿರುಬೆರಳವರೆಗೆ ಹರಿಯುವುದು ಈ ನರಕ್ಕೆ ಬಿದ್ದ ಪೆಟ್ಟಿನಿಂದ. ಎಲುಬಿಗೆ ಪೆಟ್ಟಾಯಿತೆಂದು ನಾವು ಭ್ರಮಿಸುತ್ತೇವೆ. ಕೈಯನ್ನು ಪೂರ್ತಿ ಮಡಚಿದಾಗ ಈ ಓಣಿ ಇಕ್ಕಟ್ಟಾಗುತ್ತದೆ, ನರ ಬಿಗಿಯುತ್ತದೆ. ತಾಸುಗಟ್ಟಲೆ ಫೋನನ್ನು ಕಿವಿಗೆ ಹಿಡಿಯುವವರಿಗೆ, ಇಕ್ಕಟ್ಟಾದ ಖೋಲಿಯಲ್ಲಿ ಕೈಯನ್ನೇ ದಿಂಬು ಮಾಡಿ ಮಲಗುವವರಿಗೆ, ಮೇಜಿನ ಅಂಚಿಗೆ ಮೊಣಕೈ ಒತ್ತಿ ಕೂರುವವರಿಗೆ ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ ಜೋಮು ಹಿಡಿಯುವುದು ಇದರಿಂದಲೇ. ಕೈ ಚಾಚಿದಾಗ ಹೋಗುವ ಜೋಮಿಗೆ ಹೆದರಬೇಕಾಗಿಲ್ಲ. ಹೋಗದೇ ನಿಂತರೆ, ಬೆರಳುಗಳ ಹಿಡಿತ ಸಡಿಲವಾದರೆ, ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸ ಬತ್ತತೊಡಗಿದರೆ ತಡಮಾಡಬಾರದು.

ಇಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಕುಷ್ಠರೋಗವು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಯುವ ನರಗಳಲ್ಲಿ ಈ ಅಲ್ನಾರ್ ನರವೂ ಒಂದು. ಮೊಣಕೈಯ ಒಳಬದಿಯಲ್ಲಿ, ಓಣಿಗಿಂತ ತುಸು ಮೇಲೆ ನರವು ಹಗ್ಗದಂತೆ ದಪ್ಪಗಾಗಿ ಕೈಗೆ ಸಿಕ್ಕುತ್ತದೆ. ಕಿರುಬೆರಳಿನ ಬದಿಗೆ ಸ್ಪರ್ಶ ತಿಳಿಯುವುದಿಲ್ಲ. ಮೈಮೇಲೆ ಎಲ್ಲಿಯಾದರೂ ಸ್ಪರ್ಶವಿಲ್ಲದ ಮಚ್ಚೆ ಇರಬಹುದು. ವಡಾಲದಲ್ಲಿ 1890ರಲ್ಲಿ ಸ್ಥಾಪನೆಯಾದ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆಯನ್ನು ಹಳೆಯ ಮುಂಬಯಿವಾಸಿಗಳೆಲ್ಲ ಬಲ್ಲರು. ಈ ರೋಗದ ಔಷಧ ಸರಕಾರಿ ಮತ್ತು ಮುನಿಸಿಪಲ್ ದವಾಖಾನೆಗಳಲ್ಲಿ ಉಚಿತ. ಆರು ತಿಂಗಳು ಅಥವಾ ಒಂದು ವರ್ಷ ಬಿಡದೆ ತೆಗೆದುಕೊಂಡರೆ ಗುಣವಾಗುತ್ತದೆ. ಕೆಲಸ ಹೋದೀತು, ಖೋಲಿ ಬಿಡಿಸಿಯಾರು ಎಂದು ಹೆದರಿ ಮುಚ್ಚಿಡುವವರ ಬೆರಳುಗಳು ಮಾತ್ರ ಮಡಚಿಕೊಂಡೇ ಉಳಿಯುತ್ತವೆ.

ಮೊನೆಗೂ ಅದರ ಮೇಲಿನ ಚರ್ಮಕ್ಕೂ ನಡುವೆ ತೆಳ್ಳನೆಯ ಒಂದು ಚೀಲವಿದೆ. ಚರ್ಮವು ಎಲುಬಿನ ಮೇಲೆ ಉಜ್ಜದೆ ಜಾರಲೆಂದು ಅದರೊಳಗೆ ಎರಡು ಹನಿ ಜಿಗಿ ದ್ರವ. ಸದಾ ಒತ್ತಡ ಬಿದ್ದರೆ ಈ ಚೀಲ ರೇಗಿಕೊಂಡು ನೀರು ತುಂಬಿಕೊಳ್ಳುತ್ತದೆ. ಮೊಣಕೈಯ ಹಿಂದೆ ನಿಂಬೆಹಣ್ಣು ಅಂಟಿಸಿದಂತೆ ಮೆತ್ತನೆಯ ಗಂಟು ಕಾಣಿಸುತ್ತದೆ. ಓದುವ ಮೇಜಿಗೆ ಮೊಣಕೈಯೂರುವವರಿಗೆ ಬರುವುದೆಂದು ಇಂಗ್ಲಿಷರು ಇದನ್ನು ವಿದ್ಯಾರ್ಥಿಯ ಮೊಣಕೈ ಎಂದು ಕರೆದರು. ಗಣಿಯ ಸುರಂಗದಲ್ಲಿ ಒರಗಿಕೊಂಡು ಕಲ್ಲಿದ್ದಲು ಕಡಿಯುವವರಿಗೂ ಬರುವುದೆಂದು ಗಣಿಗಾರನ ಮೊಣಕೈ ಎಂದೂ ಕರೆದರು. ನಮ್ಮಲ್ಲಿ ಗುಮಾಸ್ತರ ಮೊಣಕೈ ಎಂದು ಹೆಸರಿಟ್ಟರೆ ತಪ್ಪಾಗದು. ನೋವಿಲ್ಲದ ಗಂಟಾದರೆ ಊರುವುದನ್ನು ಬಿಟ್ಟು, ಮೇಜಿನ ಮೇಲೆ ಮಡಚಿದ ಟವೆಲ್ ಹಾಸಿಕೊಂಡರೆ ಕೆಲವು ವಾರಗಳಲ್ಲಿ ತಾನೇ ಇಳಿಯುವುದೇ ಹೆಚ್ಚು. ಸೂಜಿಯಿಂದ ಚುಚ್ಚಿ ನೀರು ತೆಗೆಯುವ ಸಾಹಸ ಮಾತ್ರ ಕೂಡದು. ಹಾಗೆ ಮಾಡಿದರೆ ಕೀವಿಗೆ ಬಾಗಿಲು ತೆರೆದಂತೆಯೇ. ಗಂಟು ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಅದೇ ದಿನ ಡಾಕ್ಟರರಲ್ಲಿಗೆ ಹೋಗಬೇಕು. ಯೂರಿಕ್ ಆಮ್ಲ ಹೆಚ್ಚಿದವರಿಗೂ ಇಲ್ಲಿ ಗಂಟಾಗುವುದುಂಟು.

ಇನ್ನು ಮುರಿತ. ಮಳೆಗಾಲದಲ್ಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರುವುದು, ನಿಲ್ಲದ ಗಾಡಿಯಿಂದ ಪ್ಲಾಟ್‌ಫಾರಂ ಮೇಲೆ ಇಳಿದು ಬೀಳುವುದು, ಗುಂಡಿಬಿದ್ದ ರಸ್ತೆಯಲ್ಲಿ ಮೋಟಾರ್‌ಸೈಕಲ್ ಉರುಳುವುದು ಈ ಊರಿನಲ್ಲಿ ದಿನವೂ ಆಗುವ ಸಂಗತಿಗಳು. ನೇರವಾಗಿ ಮೊನೆಯ ಮೇಲೆ ಬಿದ್ದರೆ ಅದು ಒಡೆಯುತ್ತದೆ. ಕೈಯೂರಿ ಬಿದ್ದಾಗಲೂ ಮುರಿಯಬಹುದು. ಬೀಳುವ ಭಾರವನ್ನು ತಡೆಯಲು ಟ್ರೈಸೆಪ್ಸ್ ತಟ್ಟನೆ ಎಳೆದ ಎಳೆತವೇ ಮೊನೆಯನ್ನು ಕಿತ್ತುಬಿಡುತ್ತದೆ. ಮೇಲೆ ಹೇಳಿದ ಹದಿನೈದು ಪಟ್ಟಿನ ಲೆಕ್ಕವನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಮುರಿದ ಮೇಲೂ ಸ್ನಾಯು ಸುಮ್ಮನಿರದು. ಮುರಿದ ತುಂಡನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಚರ್ಮದ ಕೆಳಗೆ ಬೆರಳಿಗೆ ಒಂದು ಸಂದು ಸಿಕ್ಕುತ್ತದೆ. ಅಂಥವನು ಕೈಯನ್ನು ತಲೆಯ ಮೇಲೆತ್ತಿ ಮೊಣಕೈಯನ್ನು ನೇರ ಮಾಡಲಾರ; ಮುಂಗೈ ಹಿಂದಕ್ಕೆ ಜೋತುಬೀಳುತ್ತದೆ. ಬಿದ್ದವರು ಕೈಯನ್ನು ಪೂರ್ತಿ ನೇರಮಾಡಲಾರದೆ ಇದ್ದರೆ ಎಕ್ಸ್‌ರೇ ತೆಗೆಸಲೇಬೇಕು. ನೇರ ಮಾಡಬಲ್ಲರಾದರೆ ಮುರಿತದ ಸಂಭವ ಕಡಿಮೆ, ಆದರೆ ಇಲ್ಲವೆಂದಲ್ಲ.

ಆಗ ಮಾಡತಕ್ಕದ್ದೇನು? ಊತ ಏರುವ ಮೊದಲೇ ಬಳೆ, ಉಂಗುರ, ಗಡಿಯಾರ ತೆಗೆಯಬೇಕು. ಕೈ ಹೇಗಿದ್ದರೆ ನೋವು ಕಡಿಮೆಯೋ ಹಾಗೆಯೇ ಪಂಚೆಯಲ್ಲೋ ದುಪಟ್ಟಾದಲ್ಲೋ ಜೋಲಿ ಕಟ್ಟಬೇಕು. ಬಟ್ಟೆ ಸುತ್ತಿದ ಮಂಜುಗಡ್ಡೆ ಇಡಬಹುದು. ಎಳೆಯಬಾರದು, ನೀವಬಾರದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೈಕಾಲು ಮುರಿದರೆ ನಾಟಿ ಎಲುಬುವೈದ್ಯರ ಬಳಿಗೆ ಹೋಗುವ ರೂಢಿ ನಮ್ಮ ಜನರಲ್ಲಿ ಬಲವಾಗಿದೆ. ಆಂಧ್ರದ ಪುತ್ತೂರಿನ ಕಟ್ಟು (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ) ದಕ್ಷಿಣದಲ್ಲೆಲ್ಲ ಹೆಸರುವಾಸಿ, ಮುಂಬಯಿಯಲ್ಲಿ ಹಾಡವೈದ್ಯರಿದ್ದಾರೆ. ತುಂಡುಗಳು ಸರಿಯದೆ ಇದ್ದಲ್ಲೇ ಇರುವ ಸಾಮಾನ್ಯ ಮುರಿತಗಳು ಯಾವ ಕಟ್ಟಿನಲ್ಲಾದರೂ ಕೂಡಿಕೊಂಡಾವು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಮೊಣಕೈಯ ಮಾತು ಬೇರೆ. ಟ್ರೈಸೆಪ್ಸ್ ಮೇಲಕ್ಕೆಳೆದ ತುಂಡನ್ನು ಹೊರಗಿನಿಂದ ಕಟ್ಟಿದ ಬಟ್ಟೆ ಕೆಳಗಿಳಿಸಲಾರದು. ಪೆಟ್ಟಾದ ಮೊಣಕೈಗೆ ಎಣ್ಣೆ ಹಚ್ಚಿ ತಿಕ್ಕಿದರೆ ಸುತ್ತಲಿನ ಮಾಂಸದೊಳಗೆ ಹೊಸ ಎಲುಬು ಬೆಳೆದು ಕೀಲು ಶಾಶ್ವತವಾಗಿ ಬಿಗಿದುಕೊಳ್ಳಬಹುದು. ಕಟ್ಟು ಬಿಗಿಯಾದರೆ ಮುಂಗೈಗೆ ರಕ್ತ ಹರಿಯದೆ ಸ್ನಾಯುಗಳು ಸತ್ತು ಬೆರಳುಗಳು ಕೊಕ್ಕೆಯಂತಾಗುತ್ತವೆ. ಜರ್ಮನಿಯ ವೈದ್ಯ ಫೋಕ್‌ಮನ್ 1881ರಷ್ಟು ಹಿಂದೆಯೇ ಇದನ್ನು ವರ್ಣಿಸಿದ್ದಾನೆ. ಆದ್ದರಿಂದ ಯಾರು ಕಟ್ಟಿದ ಕಟ್ಟೇ ಆಗಲಿ, ಆಸ್ಪತ್ರೆಯ ಪ್ಲಾಸ್ಟರೇ ಆಗಲಿ, ನೋವು ಇಳಿಯುವ ಬದಲು ಏರತೊಡಗಿದರೆ, ಬೆರಳು ಬಿಳಿಚಿದರೆ ಅಥವಾ ನೀಲಿಯಾದರೆ, ಬೆರಳನ್ನು ಬಿಡಿಸಿದಾಗ ಮುಂಗೈಯಲ್ಲಿ ತಡೆಯಲಾರದ ನೋವಾದರೆ, ಬೆಳಗಾಗಲೆಂದು ಕಾಯಬಾರದು. ರಾತ್ರಿಯಲ್ಲೇ ಹೋಗಿ ಕಟ್ಟು ಬಿಡಿಸಬೇಕು. ಪರಳದ ಕೆ.ಇ.ಎಂ., ಸಾಯನ್, ನಾಯರ್, ಕೂಪರ್ ಈ ಮುನಿಸಿಪಲ್ ಆಸ್ಪತ್ರೆಗಳ ಅಪಘಾತ ವಿಭಾಗಕ್ಕೆ ರಾತ್ರಿಯಿಲ್ಲ. ಕೇಸ್ ಪೇಪರ್ ಮಾಡಿಸಿ ಆರ್ಥೋ ಎಂದರೆ ದಾರಿ ತೋರಿಸುತ್ತಾರೆ. ಆ ಕಾಗದವನ್ನು ಜೋಪಾನವಾಗಿಡಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ.

ತುಂಡು ಸರಿಯದಿದ್ದರೆ ಕೆಲವು ವಾರ ಕಟ್ಟಿನಲ್ಲಿಟ್ಟರೆ ಸಾಕು. ಸರಿದಿದ್ದರೆ ಸಾಮಾನ್ಯವಾಗಿ ಶಸ್ತ್ರಕ್ರಿಯೆ ಬೇಕು. ಎರಡು ತಂತಿಗಳನ್ನು ಎಲುಬಿನ ಉದ್ದಕ್ಕೆ ತೂರಿಸಿ, ಹಿಂಬದಿಯಿಂದ ಇನ್ನೊಂದು ಮೆತ್ತನೆಯ ತಂತಿಯನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿ ಬಿಗಿಯುವುದು ಹೆಸರಾದ ವಿಧಾನ. ಇದರ ಉಪಾ​ಯವೆಂದರೆ, ಮೊಣಕೈ ಮಡಚಿದಾಗ ತುಂಡುಗಳನ್ನು ಬೇರೆ ಮಾಡಬೇಕಾಗಿದ್ದ ಸ್ನಾಯುವಿನ ಎಳೆತವೇ ಅವನ್ನು ಕೀಲಿನ ಬದಿಯಲ್ಲಿ ಒಂದಕ್ಕೊಂದು ಒತ್ತುವಂತೆ ತಿರುಗಿಸಿಕೊಳ್ಳುವುದು. ಚೂರುಚೂರಾಗಿದ್ದರೆ ಲೋಹದ ಪಟ್ಟಿ ಕೂರಿಸುತ್ತಾರೆ. ವಯಸ್ಸಾದವರಲ್ಲಿ ಶಸ್ತ್ರಕ್ರಿಯೆಯಿಲ್ಲದೆ ಬಿಡುವುದೂ ಉಂಟು. ಚರ್ಮದ ಕೆಳಗೇ ಎಲುಬಿರುವುದರಿಂದ ಮುಂದೆ ತಂತಿಯ ತುದಿ ಚುಚ್ಚತೊಡಗುವುದು ಸಾಮಾನ್ಯ; ಎಲುಬು ಕೂಡಿದ ಮೇಲೆ ಅದನ್ನು ತೆಗೆಸಬಹುದು. ಎಲುಬು ಕೂಡಲು ಆರೆಂಟು ವಾರ, ಭಾರ ಎತ್ತಲು ಮೂರು ತಿಂಗಳಾದರೂ ಬೇಕು. ಮೊಣಕೈ ಬೇಗನೆ ಬಿಗಿಯುವ ಕೀಲು. ಡಾಕ್ಟರರು ಹೇಳಿದ ದಿನದಿಂದ ರೋಗಿ ತಾನೇ ಮೆಲ್ಲಮೆಲ್ಲನೆ ಆಡಿಸಬೇಕು, ಇನ್ನೊಬ್ಬರು ಬಲವಂತವಾಗಿ ಬಗ್ಗಿಸಬಾರದು. ಪೂರ್ತಿ ಚಲನೆ ಮರಳದಿದ್ದರೂ ಎದೆಗುಂದಬೇಕಾಗಿಲ್ಲ. ನೇರಕ್ಕೆ 30 ಡಿಗ್ರಿ ಕಡಿಮೆಯಿಂದ 130 ಡಿಗ್ರಿ ಮಡಚುವವರೆಗೆ ಆಡಿದರೆ ಉಣ್ಣುವುದು, ತಲೆ ಬಾಚುವುದು, ಬರೆಯುವುದು ಮುಂತಾದ ನಿತ್ಯದ ಕೆಲಸಗಳು ಸಾಗುತ್ತವೆಂದು ತಜ್ಞರ ಎಣಿಕೆ.

ಈ ಮೊನೆಗೆ ಕೋರ್ಟಿನಲ್ಲಿಯೂ ಕೆಲಸವಿದೆ. ಎಳೆಯ ಮಕ್ಕಳಲ್ಲಿ ಮೊನೆಯ ತುದಿ ಇನ್ನೂ ಮೃದ್ವಸ್ಥಿ. ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಒಂಬತ್ತು ಹತ್ತು ವರ್ಷದ ಸುಮಾರಿಗೆ ಅದರೊಳಗೆ ಎಲುಬಿನ ಕಣವೊಂದು ಹುಟ್ಟಿ, ಹದಿನಾಲ್ಕರಿಂದ ಹದಿನೇಳರೊಳಗೆ ಅಲ್ನಾದೊಡನೆ ಬೆಸೆದುಕೊಳ್ಳುತ್ತದೆ. ಹುಡುಗಿಯರಲ್ಲಿ ತುಸು ಬೇಗ. ಬೆಸೆಯದ ಗೆರೆಯನ್ನು ಕಂಡು ಮುರಿತವೆಂದು ತಿಳಿಯುವುದೂ ಉಂಟು. ಆಗ ಇನ್ನೊಂದು ಕೈಯ ಚಿತ್ರ ತೆಗೆದು ಹೋಲಿಸುತ್ತಾರೆ. ವಯಸ್ಸಿನ ದಾಖಲೆ ಇಲ್ಲದವರ ವಯಸ್ಸನ್ನು ಊಹಿಸಲು ಮೊಣಕೈಯ ಎಕ್ಸ್‌ರೇ ತೆಗೆಯುವುದು ಈ ಕಾರಣದಿಂದ. ದುಡಿಮೆಗೆ ಕನಿಷ್ಠ ವಯಸ್ಸು ಗೊತ್ತುಮಾಡಿದ ಕಾರ್ಖಾನೆ ಕಾಯಿದೆಗಳು ನಮ್ಮಲ್ಲಿ 1881ರಿಂದ ಇವೆ. ಆಗ 7 ವರ್ಷ, 1891ರಲ್ಲಿ 9, 1922ರಲ್ಲಿ 12, 1948ರಲ್ಲಿ 14. ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷಕ್ಕೇ ಮುಂಬಯಿಯ ಹೊಟೇಲುಗಳಿಗೆ ಬಂದು, ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತ ಹುಡುಗರ ಮೊಣಕೈಯನ್ನು ಯಾರೂ ನೋಡಿರಲಾರರು. ಈ ಪರೀಕ್ಷೆ ಕರಾರುವಾಕ್ಕಲ್ಲ. ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಮುನಿಸಿಪಾಲಿಟಿ ಅಥವಾ ಪಂಚಾಯತಿಯ ಜನನಪತ್ರ, ಎರಡೂ ಇಲ್ಲದಾಗ ಮಾತ್ರ ಎಲುಬಿನ ಪರೀಕ್ಷೆ. ಊರಿನಿಂದ ತಮ್ಮಂದಿರನ್ನು ಕರೆತರುವವರು ಜನನಪತ್ರವನ್ನು ಸಂಗಡ ತರಿಸುವುದು ಒಳ್ಳೆಯದು.

ಇನ್ನು ಪರಿಹಾರದ ವಿಷಯ. ಕೆಲಸದ ವೇಳೆ ಅಪಘಾತವಾದವರಿಗಾಗಿ 1923ರಲ್ಲಿ ಕಾರ್ಮಿಕ ಪರಿಹಾರ ಕಾಯಿದೆ ಬಂತು. 2010ರಲ್ಲಿ ಅದು ನೌಕರರ ಪರಿಹಾರ ಕಾಯಿದೆ ಎಂಬ ಹೆಸರು ಪಡೆಯಿತು. ಅದರ ಮೊದಲನೆಯ ಅನುಸೂಚಿಯಲ್ಲಿ ಯಾವ ಅಂಗ ಹೋದರೆ ಸಂಪಾದನೆಯ ಶಕ್ತಿ ಶೇಕಡಾ ಎಷ್ಟು ಹೋಯಿತೆಂದು ಎಣಿಸಬೇಕೆಂಬ ಪಟ್ಟಿಯಿತ್ತು. 1948ರ ಇ.ಎಸ್.ಐ. ಕಾಯಿದೆಯಲ್ಲಿಯೂ ಅಂಥದೇ ಪಟ್ಟಿ. ಹೆಗಲಿನ ಕೀಲಿನಲ್ಲೇ ಕೈ ತೆಗೆದರೆ 90. ಹೆಗಲಿನ ಮೊನೆಯಿಂದ 20.32 ಸೆಂಟಿಮೀಟರಿಗಿಂತ ಕಡಿಮೆ ತೋಳು ಉಳಿದರೆ 80. ಅಲ್ಲಿಂದ ಹಿಡಿದು ಮೊಣಕೈಯ ಮೊನೆಯ ಕೆಳಗೆ 11.43 ಸೆಂಟಿಮೀಟರ್ ತುಂಬದಷ್ಟು ಮುಂಗೈ ಉಳಿದವರೆಗೆ 70. ಮೊನೆಯ ಕೆಳಗೆ 11.43 ಸೆಂಟಿಮೀಟರ್ ಉಳಿಸಿ ಕಡಿದರೆ, ಅಥವಾ ಹಸ್ತ ಮಾತ್ರ ಹೋದರೆ, 60. ಈ ವಿಚಿತ್ರ ಅಂಕಿಗಳು ಹಳೆಯ ಎಂಟು ಇಂಚು ಮತ್ತು ನಾಲ್ಕೂವರೆ ಇಂಚುಗಳ ಭಾಷಾಂತರ.

ಮೊನೆಯಿಂದಲೇ ಏಕೆ ಅಳೆಯಬೇಕು? ಅದು ಚರ್ಮದ ಕೆಳಗೇ ಇದೆ. ಎಷ್ಟು ದಪ್ಪ ಮೈಯವರಲ್ಲಿಯೂ ಬೆರಳಿಗೆ ಸಿಕ್ಕುತ್ತದೆ. ಹಾಗಾಗಿ ಡಾಕ್ಟರರಿಗೂ ವಕೀಲರಿಗೂ ವಾದಕ್ಕೆ ಆಸ್ಪದ ಕಡಿಮೆ. ನಾಲ್ಕೂವರೆ ಇಂಚೇ ಏಕೆ ಎಂಬುದಕ್ಕೆ ಏತದ ಲೆಕ್ಕವೇ ಉತ್ತರ ಕೊಡುತ್ತದೆಂದು ನಮಗೆ ತೋರುತ್ತದೆ. ಚಾಚುವ ಸ್ನಾಯು ಮೊನೆಗೆ ಅಂಟಿದೆ, ಮಡಚುವ ಸ್ನಾಯುಗಳು ಕೀಲಿನ ತುಸು ಕೆಳಗೆ ಅಂಟಿವೆ. ಅಷ್ಟು ಉದ್ದದ ಮೊಂಡುಗೈ ಉಳಿದರೆ ಕೃತಕ ಮುಂಗೈಯನ್ನು ತೊಡಿಸಿ ತನ್ನದೇ ಮೊಣಕೈಯಿಂದ ಆಡಿಸಬಹುದು. ತೀರ ಗಿಡ್ಡವಾದರೆ ಮಡಚಿದಾಗ ಮೊಂಡು ಕೃತಕ ಕೈಯಿಂದ ಜಾರಿ ಹೊರಬರುತ್ತದೆ, ಎತ್ತುವ ಬಲವೂ ಇರುವುದಿಲ್ಲ. ಹಾಜಿ ಅಲಿಯಲ್ಲಿ 1955ರಿಂದ ನಡೆದಿರುವ ಅಂಗವಿಕಲರ ಪುನರ್ವಸತಿಯ ಅಖಿಲ ಭಾರತ ಸಂಸ್ಥೆಯಲ್ಲಿ ಕೃತಕ ಕೈಕಾಲುಗಳನ್ನು ಮಾಡಿಕೊಡುವ ವಿಭಾಗವಿದೆ.

ಕುರ್ಲಾ, ಸಾಕಿನಾಕಾ, ಠಾಣೆಗಳ ಸಣ್ಣ ಶೆಡ್ಡುಗಳಲ್ಲಿ ಪವರ್‌ಪ್ರೆಸ್ಸಿನ ಮುಂದೆ, ಭಿವಂಡಿಯ ಮಗ್ಗಗಳ ನಡುವೆ ದುಡಿಯುವವರು ಇದನ್ನು ತಿಳಿದಿರಬೇಕು. ಎರಡೂ ಹಳೆಯ ಕಾಯಿದೆಗಳು 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿ, ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂತು. ಗಾಯಗಳ ಪಟ್ಟಿ ಅದರ ಅನುಸೂಚಿಯಲ್ಲಿಯೂ ಇದೆ. ಇ.ಎಸ್.ಐ. ಕಾರ್ಡು ಇದ್ದವರಿಗೆ ಹಣ ಆ ಕಡೆಯಿಂದ ಬರುತ್ತದೆ, ಇಲ್ಲದವರಿಗೆ ಮಾಲಿಕರು ಕೊಡಬೇಕು. ಪಟ್ಟಿಯಲ್ಲಿ ಹೆಸರಿಲ್ಲದ ಊನಗಳಿಗೆ, ಉದಾಹರಣೆಗೆ ಮೊನೆ ಮುರಿದು ಕೂಡಿದರೂ ಮೊಣಕೈ ಬಿಗಿದೇ ಉಳಿದರೆ, ಶೇಕಡಾ ಎಷ್ಟೆಂಬುದನ್ನು ವೈದ್ಯರ ಪ್ರಮಾಣಪತ್ರದ ಮೇಲೆ ಗೊತ್ತುಮಾಡುತ್ತಾರೆ. ಆದಕಾರಣ ಅಪಘಾತದ ದಿನವೇ ಅದನ್ನು ಕಾರ್ಖಾನೆಯ ಪುಸ್ತಕದಲ್ಲಿ ಬರೆಸಬೇಕು; ಮೊದಲ ದಿನದ ಕೇಸ್ ಪೇಪರ್, ಎಕ್ಸ್‌ರೇ, ಬಿಡುಗಡೆಯ ಚೀಟಿ ಯಾವುದನ್ನೂ ಮೂಲಪ್ರತಿ ಯಾರ ಕೈಗೂ ಕೊಡಬಾರದು, ನಕಲು ಮಾತ್ರ ಕೊಡಬೇಕು. ಬರಿಯ ಮರಾಠಿ ಇಂಗ್ಲಿಷುಗಳಲ್ಲಿರುವ ಫಾರಂಗಳನ್ನು ಓದಿ ಹೇಳಲು ಸಂಜೆಯ ಹೊತ್ತು ವಾಚನಾಲಯದಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಹೆಬ್ಬೆಟ್ಟೊತ್ತುವ ಮೊದಲು, ಸಹಿ ಹಾಕುವ ಮೊದಲು, ಅಲ್ಲಿ ಬರೆದ ಸೆಂಟಿಮೀಟರ್ ಎಷ್ಟೆಂದು ಕೇಳಿ, ಮೊನೆಯ ಮೇಲೆ ಬೆರಳಿಟ್ಟು ಟೇಪಿನಿಂದ ಇನ್ನೊಮ್ಮೆ ಅಳೆಸಿಕೊಳ್ಳಬೇಕು.